ಅಜ್ಜ ಹಿಸೆ ಮಾಡಿದ ವೈರು

ಆಗೆಲ್ಲ ಇಬ್ಬರು ಕೂಡಿ ಆಡಬೇಕೆಂದರೆ ಮೊಣಕಾಲಿಗೆ ಮೊಣಕಾಲು ಹಚ್ಚಿಯೇ ಕೂಡಬೇಕಿತ್ತು. ಚೌಕಾಬಾರಾ ಆಡಿದರೂ ಅಷ್ಟೇ, ಹರಳಿನಾಟ ಆಡಿದರೂ ಅಷ್ಟೇ. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮು ನಮ್ಮ ಮನೆಗೆ ಬಂದಮೇಲೂ ಅಷ್ಟೇ. ನನ್ನ ಗೇಮಿನಿಂದ ನಿನ್ನ ಗೇಮಿಗೆ ಎರಡು ಮೊಳದ ಒಂದು ವೈರು, ಅದಕ್ಕೆ ಎರಡೇ ತುದಿ. ಆ ಇನ್ನೊಂದು ತುದಿಗೆ ಯಾರು ಕೂಡಬೇಕು ಅನ್ನುವುದರ ಮೇಲೆ ನನ್ನ ಒಂದಿಡೀ ಬೇಸಿಗೆ ರಜೆ ಉರಿದುಹೋಯಿತು. ನಗಬೇಡಿ. ನಿಮಗೂ ಅಂಥ ಒಂದು ಬೇಸಿಗೆ ಇದ್ದೇ ಇರುತ್ತದೆ. ನಿಮ್ಮದು ವೈರಿನ ಬದಲು ಸೈಕಲ್ಲಿನ ಹಿಂದಿನ ಸೀಟಿಗೋ, ಶಾಲೆಯ ಬೆಂಚಿನ ಬಾಜೂ ಜಾಗಕ್ಕೋ ಆಗಿರಬಹುದು.

ನಮ್ಮದು ಅಣ್ಣಿಗೇರಿಯಿಂದ ಒಳಗಿನ ಎರೆಸೀಮೆಯ ಹಳ್ಳಿ. ಮನೆ ಒಂದೇ, ಒಲೆ ಎರಡು. ಬಲಕ್ಕೆ ನಾವು, ಎಡಕ್ಕೆ ಕಾಕಾನ ಮನೆಯವರು, ನಡುವಿನ ಪಡಸಾಲೆಯಲ್ಲಿ ಅಜ್ಜ. ಹಾಗೆ ಹಿಸೆ ಮಾಡಿಕೊಟ್ಟವನೂ ಅಜ್ಜನೇ. ಊರಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಎಲ್ಲರೂ ಅಜ್ಜನನ್ನೇ ಕರೆಯುತ್ತಿದ್ದರು. ಹೊಲಕ್ಕೆ ಹಗ್ಗ ಹಿಡಿದು, ಹಂಡೆ ತಪ್ಪೇಲಿಗಳನ್ನು ಅಂಗಳದಲ್ಲಿ ಸಾಲಾಗಿ ಇಡಿಸಿ, ಮೇವಿನ ಬಣವೆಯನ್ನು ಕಣ್ಣಳತೆಯಲ್ಲೇ ಎರಡು ಮಾಡಿಕೊಡುತ್ತಿದ್ದ. ಶುರುಮಾಡುವ ಮೊದಲು ಅವನದು ಒಂದೇ ಪ್ರಶ್ನೆ: "ನಾ ಮಾಡಿದ್ದಕ್ಕ ಒಪ್ಪಿಗಿ ಐತೇನು?" ಎರಡೂ ಕಡೆಯವರು ಹೂಂ ಅಂದರೆ ಮುಗಿಯಿತು, ಆಮೇಲೆ ಯಾರೂ ಬಾಯಿ ತೆಗೆಯುವಂತಿಲ್ಲ.

ನಮ್ಮ ಮನೆಯ ಬೀಸುವ ಕಲ್ಲಿಗಾಗಿ ಅವ್ವನೂ ಕಾಕಾನ ಹೆಂಡತಿ ಕಾಕುವೂ ಜಗಳ ತೆಗೆದಾಗ ಮೇಲಿನ ಕಲ್ಲನ್ನು ನಮ್ಮ ಪಾಲಿಗೂ ಕೆಳಗಿನ ಕಲ್ಲನ್ನು ಕಾಕಾನ ಪಾಲಿಗೂ ಬರೆದವನು ಅವನು. ಹೀಗಾಗಿ ಬೇಳೆ ಒಡೆಯಬೇಕೆಂದರೆ ಇಬ್ಬರೂ ಮುಖ ಊದಿಸಿಕೊಂಡಾದರೂ ಎದುರುಬದುರು ಕೂಡಲೇಬೇಕಾಯಿತು. ಬೀಸುತ್ತ ಬೀಸುತ್ತ ಮಾತಿಗೆ ಮಾತು ಬಂದು, ಕೊನೆಗೆ ಅವರಿಬ್ಬರ ನಗು ಬೀದಿಗೆ ಕೇಳುವಂತಾಯಿತು. ಈ ಹಿಸೆಯನ್ನು ಊರವರು ಕಥೆ ಮಾಡಿ ಹೇಳುತ್ತಿದ್ದರು. ಅಜ್ಜ ಕೇಳಿಸಿಕೊಂಡೂ ಕೇಳದವನಂತೆ ಎಲೆಗೆ ಸುಣ್ಣ ಹಚ್ಚುತ್ತ ಕೂಡುತ್ತಿದ್ದ.

ಕಾಕಾನ ಮಗ ಮಂಜ್ಯಾ ನನಗಿಂತ ಸ್ವಲ್ಪ ಸಣ್ಣವ. ನನ್ನ ಹೆಸರು ಲೀಲಾ, ಅವನಿಗೆ ಲೀಲಕ್ಕ. ನಡೆಯಲು ಕಲಿತಾಗಿನಿಂದ ನನ್ನ ಬೆನ್ನು ಹತ್ತಿದವನು. ಶಾಲೆಗೂ ನನ್ನ ಸಂಗಡ, ಹೊಲಕ್ಕೂ ನನ್ನ ಸಂಗಡ. ಹೋಳಿಗೆ ಮಾಡಿದ ದಿನ ಒಳಗಿನ ಹೂರಣ ನಾನು ತಿಂದು ಮೇಲಿನ ಪದರು ಅವನಿಗೆ ಕೊಟ್ಟರೂ ಎದುರು ಆಡದವನು. ಅವನು ನನ್ನವನು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ನಮ್ಮ ಅತ್ತಿಯ ಗಂಡ, ಅಂದರೆ ಮಾಮಾ, ಹಡಗಿನಲ್ಲಿ ಅಡಿಗೆ ಕೆಲಸಕ್ಕಿದ್ದ. ಆ ಸಲ ರಜೆಗೆ ಬಂದಾಗ ಹಡಗಿನಲ್ಲಿ ಯಾರೋ ಬೇಡವೆಂದು ಕೊಟ್ಟ ಎರಡು ಗೇಮು ತಂದ. ಬೂದಿ ಬಣ್ಣ, ಸಾಬೂನಿನ ಡಬ್ಬಿಯಷ್ಟು ದಪ್ಪ, ನಡುವೆ ಪಾಚಿ ಹಸಿರಿನ ಪುಟ್ಟ ಪರದೆ. ಎರಡರಲ್ಲೂ ಒಂದೇ ಆಟ: ಮೇಲಿನಿಂದ ಬೀಳುವ ಇಟ್ಟಂಗಿಗಳನ್ನು ಸಂದಿಲ್ಲದಂತೆ ಜೋಡಿಸುವುದು. ಒಂದು ನನ್ನ ಕೈಗೆ, ಒಂದು ಮಂಜ್ಯಾನ ಕೈಗೆ ಇಟ್ಟು ಮಾಮಾ ವೈರನ್ನು ನಡುವೆ ಹಿಡಿದ. "ಎರಡು ಮನಿಗೆ ಎರಡು ಗೇಮು. ವೈರ್ ಒಂದ ಐತಿ, ಇಬ್ಬರದೂ. ಜಗಳ ಮಾಡಲಾರದ ಕೂಡಿ ಆಡ್ರಿ."

ಒಬ್ಬರೇ ಆಡಿದರೆ ಅದು ಬರೀ ಇಟ್ಟಂಗಿ ಜೋಡಿಸುವ ಕೂಲಿ. ವೈರು ಹಚ್ಚಿದರೆ ಮಾತ್ರ ಅದರ ಮಜಾ. ನಾನು ಒಂದೇ ಸಲಕ್ಕೆ ಎರಡು ಸಾಲು ತುಂಬಿ ಅಳಿಸಿದರೆ ಮಂಜ್ಯಾನ ಗೋಡೆ ಕೆಳಗಿನಿಂದ ಮೇಲೇಳುತ್ತಿತ್ತು. ಅವನು ತುಂಬಿದರೆ ನನ್ನದು. ಯಾರ ಗೋಡೆ ಎದ್ದು ಪರದೆಯ ತಲೆಗೆ ಬಡಿಯಿತೋ ಅವರು ಸೋತಂತೆ. ಅವನ ಪರದೆ ನನಗೆ ಕಾಣದಿದ್ದರೂ ಅವನ ಉಸಿರು ಕೇಳಿಯೇ ಎಲ್ಲಿಗೆ ಬಂದಿದ್ದಾನೆಂದು ಹೇಳುತ್ತಿದ್ದೆ. ಪರದೆಗೆ ಒಳಗಿನಿಂದ ಬೆಳಕಿರಲಿಲ್ಲವಾದ್ದರಿಂದ ಮುಂಗಟ್ಟೆಯ ಮೇಲೆ ಬಿಸಿಲು ಬಿದ್ದ ಕಡೆ ಕೂಡಬೇಕು. ಬಿಸಿಲು ಸರಿದಂತೆ ನಾವೂ ಸರಿಯಬೇಕು, ವೈರು ಕಿತ್ತು ಬರದಂತೆ ಇಬ್ಬರೂ ಕೂಡಿಯೇ ಸರಿಯಬೇಕು. ಅಂಗಳದಲ್ಲಿ ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿಯ ಘಾಟು ಮೂಗಿಗೆ ಏರಿ ಒಬ್ಬರು ಸೀನಿದರೆ ಇನ್ನೊಬ್ಬರು ಗೆಲ್ಲುತ್ತಿದ್ದರು. ಒಗ್ಗರಣೆ ಚುರುಮುರಿ ತಿಂದ ಕೈಯಿಂದ ಗುಂಡಿಗಳೆಲ್ಲ ಅರಿಸಿನ ಬಣ್ಣಕ್ಕೆ ತಿರುಗಿದ್ದವು. ಸೆಲ್ಲು ಸಪ್ಪಗಾದರೆ ಅವ್ವ ಶಂಡಿಗೆ ಹಾಕಿದ ಸೀರೆಯ ಅಂಚಿನಲ್ಲೇ ಅವನ್ನೂ ಬಿಸಿಲಿಗೆ ಇಟ್ಟು, ಹಲ್ಲಿಂದ ಸ್ವಲ್ಪ ಕಚ್ಚಿ, ಮತ್ತೆ ಹಾಕುತ್ತಿದ್ದೆವು. ಒಂದಾಟದ ಮಟ್ಟಿಗೆ ಜೀವ ಬರುತ್ತಿತ್ತು.

ಅಂಥ ಸುಖದ ನಡುವೆ ಪಲ್ಲವಿ ಬಂದಳು.

ಹುಬ್ಬಳ್ಳಿಯಲ್ಲಿದ್ದ ಕಾಕುವಿನ ಅಣ್ಣನ ಮಗಳು ಅವಳು. ಎರಡು ಜಡೆ, ಕಾಲಲ್ಲಿ ಸಪ್ಪಳ ಮಾಡದ ಬಿಳೀ ಬೂಟು, ಬಗಲಲ್ಲಿ ಸ್ವಂತ ಗೇಮು. ಅದೂ ಎಂಥದ್ದು! ನೇರಳೆ ಬಣ್ಣದ ಪಾರದರ್ಶಕ ಮೈ, ಒಳಗಿನ ನರನಾಡಿಯೆಲ್ಲ ಹೊರಗೆ ಕಾಣುವಂಥದ್ದು. ನಮ್ಮ ವೈರನ್ನು ನೋಡಿ, "ನಿಮ್ಮ ಕಡೆ ಲಿಂಕ್ ಕೇಬಲ್ ಐತಿ! ನನ್ನ ಕಡೆ ಗೇಮ್ ಅಷ್ಟ ಐತಿ, ಕೇಬಲ್ ಇಲ್ಲ" ಅಂದಳು. ನಾವು ಅದನ್ನು ವೈರು ಅನ್ನುತ್ತಿದ್ದೆವು. ಅವಳು ಬಂದು ಅರ್ಧ ತಾಸಿನಲ್ಲಿ ಮಂಜ್ಯಾನೂ ಲಿಂಕ್ ಕೇಬಲ್ ಅನ್ನತೊಡಗಿದ. ನನಗೆ ಮೊದಲು ಉರಿ ಹತ್ತಿದ್ದು ಅಲ್ಲೇ. ನಾನು ಕೊನೆಯವರೆಗೂ ವೈರು ಅಂತಲೇ ಅಂದೆ.

ನಮ್ಮ ವೈರು ಅವಳ ಗೇಮಿಗೂ ಕೂಡುತ್ತಿತ್ತು, ಅದರಲ್ಲೂ ಅದೇ ಇಟ್ಟಂಗಿ ಆಟವಿತ್ತು. ಮಂಜ್ಯಾ ಒಂದು ತುದಿ ತನ್ನದಕ್ಕೆ, ಇನ್ನೊಂದು ಅವಳದಕ್ಕೆ ಸಿಕ್ಕಿಸಿ, "ಲೀಲಕ್ಕಾ, ಒಂದ ಆಟ ತಡಿ, ಅಕಿ ಹೊಸದಾಗಿ ಬಂದಾಳಲ್ಲ" ಅಂದ. ತಡೆದೆ. ಒಂದಾಟ ಮುಗಿದು ಇನ್ನೊಂದು ಶುರುವಾಯಿತು. ನಾನು ನನ್ನ ಗೇಮನ್ನು ಮಡಿಲಲ್ಲಿ ಇಟ್ಟುಕೊಂಡು ಕಟ್ಟೆಯ ನೆರಳಿನ ಭಾಗದಲ್ಲಿ ಕೂತಿದ್ದೆ. ಬಿಸಿಲಿನ ಭಾಗದಲ್ಲಿ ಇಬ್ಬರಿಗಷ್ಟೇ ಜಾಗವಿತ್ತು. ಅವರು ಸರಿದರು, ಕೂಡಿಯೇ ಸರಿದರು. ಅವಳು ಗೆದ್ದಾಗ ಅವನು ನಕ್ಕ. ನಾನು ಗೆದ್ದಾಗ ಅವನು ಯಾವತ್ತೂ ನಕ್ಕವನಲ್ಲ, ಅಳುವುದೊಂದೇ ಬಾಕಿ ಇರುತ್ತಿತ್ತು.

ಅದರ ಮೇಲೆ ಹೆಂಗಸರ ತಮಾಷೆ ಬೇರೆ. ಸೋದರಮಾವನ ಮಗಳೆಂದರೆ ನಮ್ಮ ಕಡೆ ತೊಟ್ಟಿಲಿನಿಂದಲೇ ಮಾತು ಶುರು. ನೀರಿಗೆ ಹೋಗುವವರು ಕೊಡ ಇಳಿಸಿ ನಿಂತು, "ಏ ಮಂಜ್ಯಾ, ಹೇಂತಿ ಬಂದಾಳ ನೋಡಲೇ, ಛಂದಂಗ ಆಡಸು" ಅನ್ನುವರು. ಅವನು ಕಿವಿಯವರೆಗೆ ಕೆಂಪಾಗುವನು, ಎದ್ದು ಮಾತ್ರ ಹೋಗುವುದಿಲ್ಲ.

ನಾನು ಒಳಗೆ ಹೋಗಿ ಅವ್ವನ ಹತ್ತಿರ ಕೂತೆ. ಅವ್ವ ಮಣೆಯ ಮೇಲೆ ಶಾವಿಗೆ ಹೊಸೆಯುತ್ತಿದ್ದಳು.

"ಯವ್ವಾ, ಆ ವೈರ್ ಮಾಮಾ ನನಗೂ ಕೊಟ್ಟಾನಲ್ಲ? ಇಡೀ ದಿನ ಅಕೀನ ಹಿಡ್ಕೊಂಡು ಕುಂತಾಳ."

"ಆಡ್ಲಿ ಬಿಡಬೇ. ಅಕಿ ಆ ಮನಿಗೆ ಬರೋಕಿ. ನೀ ಈ ಮನಿ ಬಿಟ್ಟು ಹೋಗೋಕಿ. ನಾಳೆ ನೀ ತವರಿಗೆ ಬಂದಾಗ ಅಕೀನ ನಿನಗ ಅನ್ನ ಹಾಕೋದು."

ಅವ್ವ ನಗುತ್ತ ಅಂದಳು. ಅವಳಿಗೆ ಅದು ಶಾವಿಗೆಯಷ್ಟೇ ಹಗುರ ಮಾತು. ನನಗೆ ಹೊಟ್ಟೆಯಲ್ಲಿ ಕೊಳ್ಳಿ ಇಟ್ಟಂತಾಯಿತು. ಮೊನ್ನೆ ಬಸ್ಸಿಳಿದು ಬಂದವಳು ಈ ಮನೆಯವಳು, ಇಲ್ಲೇ ಹುಟ್ಟಿದ ನಾನು ಹೊರಗಿನವಳು! ಆ ರಾತ್ರಿ ಊಟ ಬೇಡ ಅಂದೆ. ಮಂಜ್ಯಾ ಬಂದು ಯಾಕೆ ಅಂತ ಕೇಳುತ್ತಾನೆ ಅಂದುಕೊಂಡೆ. ಬರಲಿಲ್ಲ.

ಮರುದಿನ ಬೆಳಗ್ಗೆ ಅವರಿಗಿಂತ ಮೊದಲೇ ಎದ್ದು ವೈರನ್ನು ನನ್ನ ಕೊರಳಿಗೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತೆ. ಮಂಜ್ಯಾ ಒಂದು ತುದಿ ಹಿಡಿದು ಎಳೆದ, ನಾನು ಇನ್ನೊಂದು ತುದಿ ಹಿಡಿದೆ. "ಇಬ್ಬರದು ಅಂದ್ರ ನಂದೂ ಐತಿ" ಅಂತ ಅವನು. "ನಂದಿಲ್ಲೇನು ಹಂಗಾರ?" ಅಂತ ನಾನು. ಪಲ್ಲವಿ ಬಾಗಿಲಲ್ಲಿ ನಿಂತು, "ಎಳೀಬ್ಯಾಡ್ರಿ, ಹರೀತದ" ಅಂತ ಒಂದೇ ಸವನೆ ಅನ್ನುತ್ತಿದ್ದಳು. ಅವಳ ಆ ಜಾಣತನದ ಮಾತು ಕೇಳಿ ನಾನು ಇನ್ನಷ್ಟು ಜೋರಾಗಿ ಎಳೆದೆ. ನಮ್ಮ ಗದ್ದಲಕ್ಕೆ ಪಡಸಾಲೆಯಿಂದ ಅಜ್ಜ ಎದ್ದು ಬಂದ, ಹಣೆಗೆ ಆಗಷ್ಟೇ ಹಚ್ಚಿದ ಹಸಿ ವಿಭೂತಿ.

"ಏನಲೇ ಅದು, ಮುಂಜಾನೆದ್ದು?"

ಇಬ್ಬರೂ ಒಟ್ಟಿಗೇ ಹೇಳಿದೆವು. ಅಜ್ಜ ಎಲ್ಲ ಕೇಳಿಸಿಕೊಂಡು, ವೈರನ್ನು ನಮ್ಮ ಕೈಯಿಂದ ಬಿಡಿಸಿಕೊಂಡು, ಎರಡೂ ತುದಿ ತಿರುವಿ ತಿರುವಿ ನೋಡಿದ.

"ಎರಡೂ ಮಾರಿ ಒಂದ ನಮೂನಿ ಅದಾವಲ್ಲ. ಛಲೋ ಆತು. ಯಾರಿಗೆ ಕೊಟ್ಟಾನ ಮಾಮಾ?"

"ಇಬ್ಬರಿಗೂ."

"ನಾ ಮಾಡಿದ್ದಕ್ಕ ಒಪ್ಪಿಗಿ ಐತೇನು?"

ಮಂಜ್ಯಾ ಹೂಂ ಅಂದ. ನಾನೂ ಹೂಂ ಅಂದೆ. ಅಜ್ಜ ಪಾಳಿ ಹಚ್ಚುತ್ತಾನೆ, ಮುಂಜಾನೆ ಒಬ್ಬರಿಗೆ ಸಂಜೆ ಒಬ್ಬರಿಗೆ ಅನ್ನುತ್ತಾನೆ ಅಂತ ನಾನು ತಿಳಿದಿದ್ದೆ. ಮಂಜ್ಯಾನೂ ಹಾಗೇ ತಿಳಿದಿದ್ದನಂತೆ. ಅಜ್ಜ ಕಟ್ಟೆಯ ಮೇಲೆ ಕೂತು ವೈರನ್ನು ಗೇಣಿನಿಂದ ಅಳೆದ, ನಡುವೆ ಉಗುರಿನ ಗುರುತು ಮಾಡಿದ, ಎಲೆಯ ಚಂಚಿಯಿಂದ ಅಡಿಕೆ ಕತ್ತರಿಸುವ ಅಡಕೊತ್ತು ತೆಗೆದ. ಅಡಿಕೆ ಹಾಕಿಕೊಳ್ಳುತ್ತಾನೆ ಅಂದುಕೊಂಡೆವು. ಕಟಕ್ ಅಂತು.

"ಇದು ನಿಂದು, ಇದು ಇವಂದು. ಒಬ್ಬರನ್ನ ಬಿಟ್ಟು ಇನ್ನೊಬ್ಬರದು ನಡೀಬಾರದು. ಇಬ್ಬರೂ ತಂದು ಕೂಡಿಸ್ರಿ, ಆಡ್ರಿ. ಬೀಸೂ ಕಲ್ಲಿಂದ ಹೆಂಗ ನಡದೈತಿ, ಹಂಗ."

ಕಲ್ಲಿನ ಮೇಲೆ ಕಲ್ಲಿಟ್ಟಂತೆ ವೈರಿಗೆ ವೈರು ತಾಗಿಸಿದರೆ ಸಾಕು ಅಂತ ಅಜ್ಜ ನಿಜವಾಗಿ ನಂಬಿದ್ದ. ಹೂಂ ಅಂದವರು ಬಾಯಿ ತೆಗೆಯುವಂತಿಲ್ಲವಲ್ಲ, ನಾವಿಬ್ಬರೂ ಕೈಯಲ್ಲಿ ಅರ್ಧರ್ಧ ಹಿಡಿದು ಕಂಬದಂತೆ ನಿಂತೆವು. ಹೂಂ ಅನ್ನದವಳು ಪಲ್ಲವಿ ಒಬ್ಬಳೇ. ಅವಳು ಹೋ ಅಂತ ಅತ್ತುಬಿಟ್ಟಳು. ಅವಳ ಅಳು ಕೇಳಿ ನನ್ನ ಎದೆ ತಂಪಾಯಿತು. ನನ್ನದೂ ಹೋಯಿತು ಅನ್ನುವ ದುಃಖ ಆಮೇಲೆ ಬಂತು, ಸಾವಕಾಶವಾಗಿ, ರೊಟ್ಟಿ ತಿನ್ನುವ ಹೊತ್ತಿಗೆ.

ಮಧ್ಯಾಹ್ನ ಹಿತ್ತಲಲ್ಲಿ ನೋಡಿದರೆ ಮಂಜ್ಯಾ ಮತ್ತು ಪಲ್ಲವಿ ತಲೆಗೆ ತಲೆ ಹಚ್ಚಿ ಅವನ ಅರ್ಧ ವೈರಿನ ಸಿಪ್ಪೆ ಸುಲಿಯುತ್ತಿದ್ದರು. ಒಳಗೆ ಬೇರೆ ಬೇರೆ ಬಣ್ಣದ ಸಣ್ಣ ಸಣ್ಣ ವೈರು, ಅವುಗಳೊಳಗೆ ಕೂದಲಿಗಿಂತ ಸಣ್ಣ ತಾಮ್ರದ ಎಳೆ. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಹೊಸೆದರೆ ಆದೀತು ಅಂತ ಪಲ್ಲವಿಯ ವಾದ. ಆದರೆ ಇನ್ನರ್ಧ ನನ್ನ ಲಂಗದ ಜೇಬಿನಲ್ಲಿತ್ತು.

"ಲೀಲಕ್ಕಾ, ನಿನ್ನ ಪಾಲ ಕೊಡಬೇ" ಅಂದ ಮಂಜ್ಯಾ.

"ಕೊಡಂಗಿಲ್ಲ. ಜೋಡಸಾಕ ನಾನೂ ಬರ್ತೀನಿ."

ಹಾಗೆ ನಾನು ಅವರ ನಡುವೆ ಹೋಗಿ ಕೂತೆ. ಒಬ್ಬರು ಒಂದು ತುಂಡು ಹಿಡಿಯಬೇಕು, ಇನ್ನೊಬ್ಬರು ಇನ್ನೊಂದು ತುಂಡು, ಮೂರನೆಯವರು ಎಳೆಗೆ ಎಳೆ ಹೊಸೆಯಬೇಕು. ಆ ಕೆಲಸಕ್ಕೆ ಮೂವರು ಬೇಕೇ ಬೇಕಿತ್ತು. ನನ್ನ ಬೆರಳು ಸಣ್ಣ, ಶಾವಿಗೆ ಹೊಸೆದು ಪಳಗಿದವು, ಹೀಗಾಗಿ ಹೊಸೆಯುವವಳು ನಾನೇ ಆದೆ. ಕಾಕಾ ಬೋರಿನ ಮೋಟರಿಗೆ ಸುತ್ತುವ ಕಪ್ಪು ಟೇಪನ್ನು ಮಂಜ್ಯಾ ಕದ್ದು ತಂದ. ಕಾರೆಹಣ್ಣು ತಿನ್ನುತ್ತ, ಬೀಜ ಉಗಿಯುತ್ತ, ಹೊಸೆದದ್ದನ್ನು ಬಿಚ್ಚಿ ಮತ್ತೆ ಹೊಸೆಯುತ್ತ ಕೆಲವು ದಿನ ಕಳೆದವು. ಯಾರೂ ಆಡುತ್ತಿರಲಿಲ್ಲ, ಆದ್ದರಿಂದ ಯಾರೂ ಹೊರಗಿರಲಿಲ್ಲ. ಈ ವೈರು ಎಂದಿಗೂ ಕೂಡದೇ ಇರಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ, ಕೈಯಿಂದ ಮಾತ್ರ ಅಚ್ಚುಕಟ್ಟಾಗಿ ಹೊಸೆಯುತ್ತಿದ್ದೆ.

ಕೂಡಿತು. ಆದರೆ ಹಸಿರು ಎಳೆ ಅಡಕೊತ್ತಿಗೆ ಸಿಕ್ಕು ಗಿಡ್ಡಾಗಿತ್ತು. ಎಷ್ಟು ಟೇಪು ಸುತ್ತಿದರೂ ಬಿಟ್ಟುಕೊಳ್ಳುತ್ತಿತ್ತು, ಬಿಟ್ಟ ಕೂಡಲೇ ಎರಡೂ ಪರದೆ ಅಲ್ಲಾಡದೆ ನಿಲ್ಲುತ್ತಿದ್ದವು. ಆ ಗಂಟನ್ನು ಎರಡು ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಆಟ ನಡೆಯುತ್ತಿತ್ತು. ಅಂದರೆ ಇಬ್ಬರು ಆಡಬೇಕೆಂದರೆ ಮೂರನೆಯವರು ನಡುವೆ ಕೂತು ಹಿಡಿಯಬೇಕು. ಅಜ್ಜನಿಗೆ ತೋರಿಸಿದೆವು. "ನಾ ಹೇಳಿದ್ದಿಲ್ಲೇನು, ನಡೀತೈತಿ ಅಂತ!" ಅಂದು ಎಲೆಗೆ ಸುಣ್ಣ ಹಚ್ಚಿದ.

ಪಾಳಿ ನಾವೇ ಹಚ್ಚಿಕೊಂಡೆವು. ನಾನು ಮಂಜ್ಯಾನ ಜೊತೆ ಆಡುವಾಗ ಪಲ್ಲವಿ ಹಿಡಿಯಬೇಕು, ಅವರಿಬ್ಬರು ಆಡುವಾಗ ನಾನು. ನಾನು ಪಲ್ಲವಿಯ ಜೊತೆ ಆಡುವ ಪಾಳಿಯೂ ಇತ್ತು, ಅದನ್ನು ನಾನು ತಲೆನೋವು ಅಂತ ತಪ್ಪಿಸಿಕೊಳ್ಳುತ್ತಿದ್ದೆ. ಅವರಿಬ್ಬರ ನಡುವೆ ಕೂತು ಗಂಟು ಒತ್ತಿ ಹಿಡಿಯುವ ಹಿಂಸೆ ನಿಮಗೆ ಹೇಗೆ ಹೇಳಲಿ? ಅವರ ಆಟವೆಲ್ಲ ನನ್ನ ಬೆರಳಿನ ಸಂದಿಯಿಂದ ಹಾಯ್ದು ಹೋಗುತ್ತಿತ್ತು. ಈ ಕಡೆ ಅವನ ಉಸಿರು, ಆ ಕಡೆ ಅವಳ ಜಡೆಯ ಎಣ್ಣೆಯ ವಾಸನೆ. ಒಮ್ಮೆ ಅವರು ಬಿದ್ದು ಬಿದ್ದು ನಗುತ್ತಿದ್ದಾಗ ನನ್ನ ಬೆರಳು ತಡೆಯಲಿಲ್ಲ, ಸಡಿಲು ಬಿಟ್ಟೆ. ಪರದೆ ನಿಂತಿತು.

"ಇಕಿ ಬೇಕಂತನ ಬಿಟ್ಲು" ಅಂದಳು ಪಲ್ಲವಿ.

"ಬೆವರಿಗೆ ಜಾರ್ತು" ಅಂದೆ.

"ಸುಳ್ಳ! ಮಾರಿ ನೋಡ ಹೆಂಗ ಮಾಡ್ಯಾಳ!" ಅಂತ ಮಂಜ್ಯಾ. ಆ ಸಂಜೆಯ ಮಟ್ಟಿಗೆ ಮೂವರೂ ಮಾತು ಬಿಟ್ಟೆವು.

ಆದರೆ ನನ್ನನ್ನು ನಿಜವಾಗಿ ಸುಟ್ಟದ್ದು ಅವಳ ಪಾಳಿ. ನಾನು ಮಂಜ್ಯಾನ ಜೊತೆ ಆಡುವಾಗ ಪಲ್ಲವಿ ಕಣ್ಣು ಸಹ ಪಿಳುಕಿಸದೆ ಹಿಡಿಯುತ್ತಿದ್ದಳು. ಒಂದು ಸಲವೂ ಬಿಡಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಬಿಡಲಿಲ್ಲ, ಊದಿ ಹಾರಿಸಿದಳು. ಸೇಡು ತೀರಿಸಿಕೊಳ್ಳಲಿ ಅಂತ ನಾನು ಕಾದೆ. ಅವಳು ಬಿಟ್ಟಿದ್ದರೆ ಸಮ ಆಗುತ್ತಿತ್ತು, ಬಯ್ಯಬಹುದಿತ್ತು. ನನಗಿಂತ ಒಳ್ಳೆಯವಳೂ ಆಗಿಬಿಟ್ಟಳಲ್ಲ ಅಂತ ಹೊಟ್ಟೆ ಉರಿಯಿತು. ಗೇಮು ಛಂದ, ಬೂಟು ಛಂದ, ಅದರ ಮೇಲೆ ಗುಣವೂ ಛಂದ ಇದ್ದರೆ ನನ್ನಂಥವರು ಎಲ್ಲಿಗೆ ಹೋಗಬೇಕು?

ರಜೆ ಮುಗಿಯುತ್ತ ಬಂತು. ಅವಳನ್ನು ಕರೆದೊಯ್ಯಲು ಅವಳ ಅಪ್ಪ ಬಂದರು. ನಾವೆಲ್ಲ ಬಸ್ಸಿನವರೆಗೆ ಕಳಿಸಲು ಹೋದೆವು. ಕಾಕು ಅವಳಿಗೆ ಉಡಿ ತುಂಬಿ ಕಳಿಸಿದ್ದಳು. ಬಸ್ಸು ಹತ್ತುವಾಗ ಪಲ್ಲವಿ ನನ್ನ ಕೈ ಹಿಡಿದು, "ಲೀಲಕ್ಕಾ, ಗಂಟು ಬಿಚ್ಚಬ್ಯಾಡ್ರಿ, ಮುಂದಿನ ಸೂಟಿಗೆ ಬರ್ತೀನಿ" ಅಂದಳು. ಹೂಂ ಅಂದೆ. ಬಸ್ಸು ಧೂಳೆಬ್ಬಿಸಿ ಹೋದದ್ದೇ ತಡ, ಮಂಜ್ಯಾನ ಕೈ ಹಿಡಿದು ಎಳೆದೆ.

"ಬಾ ಲೇ, ಆಡೂಣು."

ಓಡುತ್ತಲೇ ಬಂದೆವು. ಕಟ್ಟೆಯ ಮೇಲೆ ನಮ್ಮ ಹಳೆಯ ಬಿಸಿಲು ಹಾಗೇ ಬಿದ್ದಿತ್ತು. ನನ್ನ ತುದಿ ನನ್ನ ಗೇಮಿಗೆ, ಅವನ ತುದಿ ಅವನದಕ್ಕೆ. ಮೊಣಕಾಲಿಗೆ ಮೊಣಕಾಲು. ಇಡೀ ಬೇಸಿಗೆ ನಾನು ಬೇಡಿದ್ದು ಇದನ್ನೇ. ಆಮೇಲೆ ಇಬ್ಬರೂ ನಡುವಿನ ಗಂಟನ್ನು ನೋಡಿದೆವು. ಹಿಡಿಯುವವರು ಇರಲಿಲ್ಲ.

ಕಾಲ ಬೆರಳಿನಿಂದ ಒತ್ತಿ ನೋಡಿದೆ. ಕಲ್ಲು ಹೇರಿ ನೋಡಿದೆವು. ಅವ್ವನನ್ನು ಕರೆದರೆ, "ನನಗೇನ ಬ್ಯಾರೆ ಕೆಲಸ ಇಲ್ಲೇನು?" ಅಂದಳು. ಕೊನೆಗೆ ಅಜ್ಜ ತಾನೇ ಬಂದು ಕೂತು ಹಿಡಿದ. ಅವನಿಗೆ ಜೊಂಪು ಹತ್ತಿ ಕೈ ಸಡಿಲಾಗುವುದು, ಪರದೆ ನಿಲ್ಲುವುದು, ನಾವು ಎಬ್ಬಿಸುವುದು.

"ಪಲ್ಲವಿ ಅಗದಿ ಛಂದ ಹಿಡೀತಿದ್ಲು" ಅಂದ ಮಂಜ್ಯಾ.

ನಾನೂ ಆ ಹೊತ್ತಿಗೆ ಅದನ್ನೇ ಯೋಚಿಸುತ್ತಿದ್ದೆ. ಆದರೆ ಅವನು ಹೇಳಿದನಲ್ಲ, ಅದಕ್ಕೆ ವೈರು ಕಿತ್ತು ಎಸೆದು ಒಳಗೆ ಹೋದೆ.

ಮುಂದಿನ ಸೂಟಿಗೆ ಅವಳು ಬರಲಿಲ್ಲ. ಹೆಂಗಸರ ಆ ಮಾತು ತಮಾಷೆಯಾಗಿಯೇ ಉಳಿಯಿತು, ಅವಳನ್ನು ಬೇರೆ ಊರಿಗೆ ಕೊಟ್ಟರು. ಮಂಜ್ಯಾ ಅಣ್ಣಿಗೇರಿಯಲ್ಲಿ ಕಾಳಿನ ವ್ಯಾಪಾರ ಮಾಡಿಕೊಂಡಿದ್ದಾನೆ, ಹಬ್ಬಕ್ಕೆ ಫೋನ್ ಮಾಡುತ್ತಾನೆ. ಅಜ್ಜ ಇಲ್ಲ. ನಾನು ಕಲಘಟಗಿಯಲ್ಲಿ ಗಂಡನ ಮನೆಯಲ್ಲಿದ್ದೇನೆ. ಈಗಲೂ ಯಾರಾದರೂ ಪಲ್ಲವಿಯ ಹೆಸರು ತೆಗೆದರೆ ಎದೆಯಲ್ಲಿ ಸಣ್ಣಗೆ ಏನೋ ಉರಿಯುತ್ತದೆ. ಆರಿಸಲು ಹೋಗಿಲ್ಲ, ಉರಿಯಲಿ ಅಂತ ಬಿಟ್ಟಿದ್ದೇನೆ.

ನನ್ನ ಮಗ ಈಗ ಆಗಿನ ನನ್ನ ವಯಸ್ಸಿನವನು. ಮೊನ್ನೆ ಸಂಜೆ ಮೊಬೈಲಿನಲ್ಲಿ ಮುಳುಗಿದ್ದ, ಇನ್ನಾರೋ ಮೂವರು ಅವನ ಕಡೆಯವರಂತೆ.

"ಯಾರ ಜೋಡಿ ಆಡಾಕತ್ತೀಯೋ?"

"ಯಾರೋ ಗೊತ್ತಿಲ್ಲಬೇ."

ರೊಟ್ಟಿ ಆರುತ್ತಿತ್ತು, ಊಟಕ್ಕೆ ಕರೆದೆ. ಆಟ ಇನ್ನೂ ನಡೆದಿತ್ತು, ಅವನು ಹಾಗೇ ಮೊಬೈಲ್ ಬೋರಲು ಹಾಕಿ ಎದ್ದ.

"ನಡುವ ಬಿಟ್ಟು ಬಂದ್ಯಲ್ಲ, ಅವರು ನಿನ್ನ ದಾರಿ ನೋಡೂದಿಲ್ಲೇನು?"

"ಇಲ್ಲಬೇ. ನನ್ನ ಜಾಗಾಕ್ಕ ಬ್ಯಾರೆಯವ್ರು ಬರ್ತಾರ" ಅಂದ. ಕೈ ತೊಳೆದು ತಾಟಿನ ಮುಂದೆ ಕೂತ. ಯಾರು ಬಂದರು ಅಂತ ತಿರುಗಿಯೂ ನೋಡಲಿಲ್ಲ.